ಸಾವಿರ ನಂಬರಿನ ಕಲ್ಲು

ಚಾಕು ಮಸೆಯುವ ಗೈಡೆಡ್ ಸೆಟ್ ಕೊಳ್ಳೋಕೆ ಆನ್‌ಲೈನಲ್ಲಿ ಹುಡುಕಿದವರು ಮೊದಲು ಮುಗ್ಗರಿಸೋದು ಬೆಲೆ ನೋಡಿ ಅಲ್ಲ, ನಂಬರ್ ನೋಡಿ. 240, 400, 1000, 3000, 8000 ಅಂತ ಕಲ್ಲುಗಳ ಸಾಲು. ಅದರ ಪಕ್ಕಕ್ಕೆ 15 ಡಿಗ್ರಿ, 17 ಡಿಗ್ರಿ, 20 ಡಿಗ್ರಿ. ಒಂದು ಟೊಮ್ಯಾಟೊ ಹೆಚ್ಚೋಕೆ ಇಷ್ಟೆಲ್ಲಾ ಬೇಕಾ ಅನ್ನಿಸುತ್ತೆ. ಬೇಕಾಗಿಲ್ಲ. ಆದರೆ ಈ ಅಂಕಿಗಳು ಎಲ್ಲಿಂದ ಬಂದವು ಅಂತ ತಿಳಿದರೆ ಯಾವುದು ಬೇಕು, ಯಾವುದು ಬೇಡ ಅನ್ನೋದು ತಾನಾಗೇ ಗೊತ್ತಾಗುತ್ತೆ. ಈ ಕಥೆಯಲ್ಲಿ ನಮ್ಮ ಪಾಲೂ ಇದೆ.

1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಒಂದು ಪ್ರಬಂಧ ಓದಿದರು. ವಿಷಯ, ಬಾಂಬೆಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಕಳಿಸಿಕೊಟ್ಟಿದ್ದ 'ವೂಟ್ಜ್' ಎಂಬ ಉಕ್ಕು. ಈ ವೂಟ್ಜ್ ನಮ್ಮ 'ಉಕ್ಕು' ಪದದ ಅಪಭ್ರಂಶ ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೂರೇ ವರ್ಷಕ್ಕೆ, 1798ರಲ್ಲಿ, ಅದೇ ಸೊಸೈಟಿಯ ಪತ್ರಿಕೆಯಲ್ಲಿ ಚಾರ್ಲ್ಸ್ ಗ್ರೆವಿಲ್ ಏಷ್ಯಾದ 'ಕೊರಂಡಮ್' ಕಲ್ಲಿನ ಬಗ್ಗೆ ಬರೆದರು. ಅದು ದಕ್ಷಿಣ ಭಾರತದ 'ಕುರುಂದ'. ವಜ್ರವನ್ನು ಬಿಟ್ಟರೆ ಅಷ್ಟು ಗಟ್ಟಿಯಾದ ಖನಿಜ ಆಗ ಅವರಿಗೆ ಬೇರೆ ಗೊತ್ತಿರಲಿಲ್ಲ. ಮಾಣಿಕ್ಯ, ನೀಲ ಎರಡೂ ಇದರ ಚೆಂದದ ರೂಪಗಳೇ. ಅಂದರೆ ಹರಿತವಾಗುವ ಲೋಹ, ಹರಿತ ಮಾಡುವ ಕಲ್ಲು, ಎರಡರ ಹೆಸರೂ ನಮ್ಮ ಕಡೆಯಿಂದಲೇ ಹಡಗು ಹತ್ತಿದ್ದು.

ಆ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಕತ್ತರಿಗೆ ಹೆಸರಾದ ಊರು. ಆದರೆ ಅಲ್ಲಿನ ಸಾಣೆಚಕ್ರಗಳು ಕುರುಂದದವಲ್ಲ, ಮರಳುಗಲ್ಲಿನವು. ಮರಳುಗಲ್ಲು ಅಂದರೆ ಬಹುಪಾಲು ಸಿಲಿಕಾ. ಸಾಣೆಗಾರ ಕುದುರೆ ಸವಾರನ ಹಾಗೆ ಮರದ ಪೀಠದ ಮೇಲೆ ಕೂತು ಚಕ್ರದ ಕಡೆ ಬಾಗಿ ಕೆಲಸ ಮಾಡಬೇಕು. ಚಕ್ರ ಸವೆದಂತೆ ಪುಡಿಯೆಲ್ಲಾ ನೇರ ಮೂಗಿಗೆ. ಅಲ್ಲಿನ ಡಾಕ್ಟರ್ ನೈಟ್ ಅವರ ಲೆಕ್ಕವನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಉಲ್ಲೇಖಿಸುತ್ತಾನೆ: ನೀರಿಲ್ಲದೆ ಒಣ ಚಕ್ರದಲ್ಲಿ ಉಜ್ಜುವವರು ಸರಾಸರಿ 35 ವರ್ಷ ಬದುಕಿದರೆ ಹೆಚ್ಚು, ನೀರು ಹಾಕಿ ಉಜ್ಜುವವರು 45 ದಾಟೋದು ಅಪರೂಪ. ಕುಡುಕರೇ ಅವರಲ್ಲಿ ದೀರ್ಘಾಯುಷಿಗಳು, ಯಾಕಂದರೆ ಕೆಲಸಕ್ಕೆ ಚಕ್ಕರ್ ಹೊಡೆಯೋದು ಅವರೇ ಜಾಸ್ತಿ. ಧೂಳು ಹೊರಗೆ ಎಳೆಯುವ ಸಾಧನ ಬಂದಾಗ ಕೆಲವು ಕೆಲಸಗಾರರೇ ಬೇಡ ಅಂದರಂತೆ. ಕೆಲಸ ಸುರಕ್ಷಿತವಾದರೆ ಹೆಚ್ಚು ಜನ ಬರುತ್ತಾರೆ, ಕೂಲಿ ಇಳಿಯುತ್ತೆ ಅನ್ನೋ ಭಯ. ಇದನ್ನು ಓದಿದ ಮೇಲೆ 'ಅಪ್ಪಟ ಕೈಕೆಲಸದ ಕಾಲ' ಅಂತ ಯಾರಾದರೂ ನಿಟ್ಟುಸಿರು ಬಿಟ್ಟರೆ ನನಗೆ ಪೂರ್ತಿ ಒಪ್ಪೋಕೆ ಆಗಲ್ಲ.

ಈ ಕಥೆಗೆ ತಿರುವು ಸಿಕ್ಕಿದ್ದು ಅಮೆರಿಕದಲ್ಲಿ. 1891ರಲ್ಲಿ ಪೆನ್ಸಿಲ್ವೇನಿಯಾದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕ್ ಬೆರೆಸಿ ಅದರೊಳಗೆ ವಿದ್ಯುತ್ ಹಾಯಿಸಿದ. ವಜ್ರ ಬರಲಿಲ್ಲ, ಗಾಜನ್ನು ಗೀರಬಲ್ಲ ಹೊಳೆಯುವ ಹರಳು ಬಂತು. ಇದು ಕಾರ್ಬನ್ ಮತ್ತು ಕೊರಂಡಮ್ ಸೇರಿದ್ದು ಅಂದುಕೊಂಡು 'ಕಾರ್ಬೊರಂಡಮ್' ಅಂತ ಹೆಸರಿಟ್ಟ. ನಿಜಕ್ಕೂ ಅದು ಸಿಲಿಕಾನ್ ಕಾರ್ಬೈಡ್; ಕುರುಂದದ ಸುಳಿವೂ ಅದರಲ್ಲಿಲ್ಲ. 1893ರಲ್ಲಿ ಪೇಟೆಂಟ್ ಸಿಕ್ಕಿತು, 1895ರಲ್ಲಿ ನಯಾಗರಾದ ಜಲವಿದ್ಯುತ್ ನಂಬಿಕೊಂಡು ಕಾರ್ಖಾನೆ ಬಂತು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಶುರುವಾದಾಗ, ಅಮೆರಿಕ ಸುತ್ತಿದ ಕುರುಂದ ವೇಷ ಬದಲಿಸಿಕೊಂಡು ಮನೆಗೆ ಬಂದಂತಾಯಿತು. ನಾರ್ಟನ್ ಕಂಪನಿಯ ಕಂದು ಬಣ್ಣದ ಎಣ್ಣೆಕಲ್ಲಿಗೆ ಇವತ್ತಿಗೂ 'ಇಂಡಿಯಾ' ಅಂತಲೇ ಹೆಸರು. ಒಳಗಿರೋದು ಕುಲುಮೆಯಲ್ಲಿ ತಯಾರಾದ ಅಲ್ಯುಮಿನಿಯಂ ಆಕ್ಸೈಡ್, ಅಂದರೆ ರಸಾಯನದ ಲೆಕ್ಕದಲ್ಲಿ ಕುರುಂದವೇ.

ಮರಳುಗಲ್ಲಿನ ಜಾಗಕ್ಕೆ ಈ ಕೃತಕ ಕಲ್ಲುಗಳು ಬಂದಂತೆ ಸಾಣೆಗಾರರ ಸಿಲಿಕೋಸಿಸ್ ಇಳಿಯಿತು. ಕೃತಕ ಅಂದ ಕೂಡಲೇ ಮೂಗು ಮುರಿಯುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ನಂಬರಿಗೆ ಬರೋಣ. ಮೊದಲಲ್ಲಿ ಗ್ರಿಟ್ ಅನ್ನೋದು ಜರಡಿಯ ಲೆಕ್ಕ. ಒಂದು ಇಂಚು ಉದ್ದದಲ್ಲಿ 100 ಕಣ್ಣಿರುವ ಜರಡಿಯಲ್ಲಿ ಇಳಿದ ಪುಡಿ 100 ನಂಬರು. ಹಿಟ್ಟು ಜರಡಿ ಹಿಡಿದವರಿಗೆ ಇದು ವಿವರಿಸಬೇಕಾಗಿಲ್ಲ. ಆದರೆ ಪುಡಿ ತೀರಾ ನಯವಾದರೆ ಜರಡಿ ಕೈಕೊಡುತ್ತೆ. ಆಗ ನೀರಿನಲ್ಲಿ ಕದಡಿ ಬಿಡುತ್ತಿದ್ದರು. ದಪ್ಪ ಕಣ ಬೇಗ ತಳ ಸೇರುತ್ತೆ, ಸಣ್ಣದು ತೇಲುತ್ತಾ ಇರುತ್ತೆ. ಲೆನ್ಸ್ ಉಜ್ಜುವವರು 'ಹತ್ತು ನಿಮಿಷದ ಪುಡಿ', 'ಅರವತ್ತು ನಿಮಿಷದ ಪುಡಿ' ಅಂತಲೇ ಕರೆಯುತ್ತಿದ್ದರು. ಇವತ್ತಿನ 1000, 3000 ನಂಬರುಗಳ ಹಿಂದೆ ಅಷ್ಟು ಕಣ್ಣಿನ ಜರಡಿ ಯಾವುದೂ ಇಲ್ಲ. ಹಳೇ ಲೆಕ್ಕದ ಬಾಲವನ್ನು ಆಯಾ ದೇಶ ತನಗೆ ತೋಚಿದಂತೆ ಉದ್ದ ಮಾಡಿಕೊಂಡಿದೆ, ಅಷ್ಟೆ.

ಪರಿಣಾಮ ನೋಡಿ. ಜಪಾನಿನ ಜೆಐಎಸ್ ಮಾನಕದಲ್ಲಿ 1000 ಅಂದರೆ ಸುಮಾರು 11.5 ಮೈಕ್ರಾನ್ ಕಣ. ಯುರೋಪಿನ ಫೆಪಾ ಮಾನಕದ ಎಫ್ ಸಾಲಿನಲ್ಲಿ 1000 ಅಂದರೆ 4.5 ಮೈಕ್ರಾನ್. ಅದೇ ಫೆಪಾದ ಪಿ ಸಾಲಿನ, ಅಂದರೆ ಉಪ್ಪುಕಾಗದದ, 1000 ಸುಮಾರು 18 ಮೈಕ್ರಾನ್. ಹೆಸರು ಒಂದೇ, ಗಾತ್ರದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಹಾಗಾಗಿ ನಾನು ಹೇಳೋದು ಇಷ್ಟೇ: ಬೇರೆ ಬೇರೆ ಕಂಪನಿಯ ಕಲ್ಲು ಬೆರೆಸುವಾಗ ಗ್ರಿಟ್ ನೋಡಬೇಡಿ, ಮೈಕ್ರಾನ್ ಕೇಳಿ.

ಡಿಗ್ರಿಯ ಕಥೆ ಇನ್ನೂ ಇತ್ತೀಚಿನದು. ಕಲ್ಲಿನ ಮೇಲೆ ಚಾಕುವನ್ನು ಒಂದೇ ಕೋನದಲ್ಲಿ ಆಡಿಸೋದು ವರ್ಷಗಟ್ಟಲೆ ಕೂತು ಕಲಿಯುವ ಕೈಗುಣ. ಆ ಕೈಗುಣವನ್ನು ಲೋಹದ ಕಡ್ಡಿಗೆ ಒಪ್ಪಿಸುವ ಸಾಧನಗಳು ಕಳೆದ ಅರ್ಧ ಶತಮಾನದಲ್ಲಿ ಅಮೆರಿಕದಲ್ಲಿ ಒಂದರ ಹಿಂದೆ ಒಂದು ಬಂದವು. ಸ್ಪೈಡರ್ಕೋದ ಶಾರ್ಪ್‌ಮೇಕರ್‌ನಲ್ಲಿ ಕಡ್ಡಿಗಳೇ ಓರೆಯಾಗಿ ನಿಂತಿರುತ್ತವೆ, ನೀವು ಚಾಕುವನ್ನು ನೆಟ್ಟಗೆ ಇಳಿಸಿದರೆ ಸಾಕು. ಲ್ಯಾನ್ಸ್ಕಿಯಲ್ಲಿ ಚಾಕುವಿಗೆ ಹಿಡಿಕೆ ಕಚ್ಚಿಸಿ, 17, 20, 25, 30 ಡಿಗ್ರಿಯ ತೂತುಗಳಲ್ಲಿ ಒಂದಕ್ಕೆ ಕಲ್ಲಿನ ಕಡ್ಡಿ ತೂರಿಸಬೇಕು. ಒರೆಗಾನಿನ ಬೆನ್ ಡೇಲ್ ರೂಪಿಸಿದ ಎಡ್ಜ್ ಪ್ರೋದಲ್ಲಿ ಕೋನವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ವಿಕೆಡ್ ಎಡ್ಜ್‌ನಲ್ಲಿ ಚಾಕು ನಿಂತಿರುತ್ತೆ, ಎರಡೂ ಬದಿಗೆ ಎರಡು ಕಲ್ಲು.

ಇವುಗಳಿಗೂ ಮಿತಿ ಉಂಟು. ಹಿಡಿಕೆ ಕಚ್ಚಿಸುವ ಮಾದರಿಯಲ್ಲಿ ಕಡ್ಡಿಯ ಬುಡ ಒಂದೇ ಕಡೆ ನಿಂತಿರೋದರಿಂದ, ಉದ್ದ ಚಾಕುವಿನ ತುದಿಗೆ ಹೋದಂತೆ ದೂರ ಹೆಚ್ಚಿ ಕೋನ ಕಮ್ಮಿಯಾಗುತ್ತೆ. ಕಲ್ಲಿನ ದಪ್ಪ ಬದಲಾದರೂ ಕೋನ ಬದಲಾಗುತ್ತೆ. ಯಂತ್ರ ಹೇಳಿದ ಡಿಗ್ರಿ ನಂಬೋ ಬದಲು ಅಂಚಿಗೆ ಮಾರ್ಕರ್ ಬಳಿದು ಒಂದು ಎಳೆತ ಎಳೆದು ನೋಡಿ. ಮಸಿ ಎಲ್ಲಿ ಹೋಯಿತೋ ಕಲ್ಲು ಮುಟ್ಟಿದ್ದು ಅಲ್ಲೇ.

ಹಾಗಾದರೆ ಏನು ಕೊಳ್ಳೋದು? ಮನೆ ಅಡುಗೆಗೆ ಮೂರು ಕಲ್ಲು ಧಾರಾಳ: ಜಪಾನಿ ಲೆಕ್ಕದಲ್ಲಿ 400ರ ಆಸುಪಾಸು ಒಂದು, 1000 ಒಂದು, 3000 ಒಂದು. 8000 ಶೋಕಿಗೆ. ಮಾಮೂಲಿ ಮೆದು ಸ್ಟೀಲಿನ ಚಾಕುವಿಗೆ ಒಂದೊಂದು ಬದಿಗೆ 20 ಡಿಗ್ರಿ, ಗಟ್ಟಿ ಜಪಾನಿ ಚಾಕುವಿಗೆ 15. ಮೊದಲ ಕಲ್ಲಿನಲ್ಲೇ ಅಂಚಿನ ಆಚೆ ಬದಿಗೆ ಸಣ್ಣ ಮುಳ್ಳಿನಂಥ ತರಿ ಬೆರಳಿಗೆ ಸಿಗಬೇಕು. ಅದು ಸಿಗದೆ ಮುಂದಿನ ಕಲ್ಲಿಗೆ ಹೋದರೆ ಎಷ್ಟೇ ನಯವಾದ ಕಲ್ಲೂ ವ್ಯರ್ಥ. ಅಜ್ಜಿಯ ಈಳಿಗೆಮಣೆಗೆ ಮಾತ್ರ ಈ ಸೆಟ್ಟುಗಳು ಸರಿಹೊಂದಲ್ಲ. ಅದಕ್ಕೆ ಕಲ್ಲನ್ನೇ ಕೈಯಲ್ಲಿ ಹಿಡಿದು ಬಾಗಿಗೆ ತಕ್ಕಂತೆ ಮಸೆಯಬೇಕು.

ಇನ್ನೊಂದು ಮಾತು. ಶೆಫೀಲ್ಡಿನ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಗುಜರಾತಿನ ಖಂಭಾತಿನಲ್ಲಿ ಅಕೀಕು ಹರಳು ಉಜ್ಜುವವರನ್ನು ಸಿಲಿಕೋಸಿಸ್ ಇನ್ನೂ ಬಿಟ್ಟಿಲ್ಲ. ಅಲ್ಲಿ ಉಜ್ಜಿಸಿಕೊಳ್ಳುವ ಹರಳೇ ಸಿಲಿಕಾ, ಚಕ್ರ ಯಾವುದಾದರೇನು. ನಾವು ಮನೆಯಲ್ಲಿ ನೀರು ಹಾಕಿ ಮಸೆಯುವಾಗ ಧೂಳು ಏಳಲ್ಲ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಕಿಡಿ ಹಾರಿಸುತ್ತಾ ಬೀದಿ ಬೀದಿ ತಿರುಗುವ ಸಾಣೆಯವರಿಗೆ ಆ ಸೌಕರ್ಯ ಇಲ್ಲ. ಅವರು ಬಂದಾಗ ರೇಟಿಗೆ ಚೌಕಾಸಿ ಮಾಡೋ ಮೊದಲು ಮುಖಕ್ಕೆ ಮಾಸ್ಕ್ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಒಳ್ಳೇ ಮಾಸ್ಕ್ ಕೊಡಿ. 8000 ನಂಬರಿನ ಕಲ್ಲು ಕೊಳ್ಳದೆ ಉಳಿಸಿದ ದುಡ್ಡಲ್ಲಿ ಅಂಥವು ಬೇಕಾದಷ್ಟು ಬರುತ್ತವೆ.