ಬೀಜ ಒಡೆಸುವುದೋ, ಹೊಡೆಸುವುದೋ?

ಹೋರಿ ತಾನಾಗಿ ಎತ್ತಾಗುವುದಿಲ್ಲ. ನಡುವೆ ಒಂದು ಕೆಲಸ ಆಗಬೇಕು. ಹಳೇ ಮೈಸೂರು ಸೀಮೆಯ ರೈತರು ಅದನ್ನು ‘ಬೀಜ ಒಡೆಸೋದು’ ಎನ್ನುತ್ತಾರೆ. ಬರಹದಲ್ಲಿ ‘ಬೀಜ ಒಡೆಸು’, ‘ಬೀಜ ಹೊಡೆಸು’ ಎರಡೂ ಸಿಗುತ್ತವೆ. ಇದನ್ನು ಬರೀ ಕಾಗುಣಿತದ ವ್ಯತ್ಯಾಸ ಎಂದು ತಳ್ಳಿಹಾಕುವಂತಿಲ್ಲ. ‘ಒಡೆ’ಗೆ ತಮಿಳಿನ ‘ಉಡೈ’ ನಂಟು, ಅರ್ಥ, ಚೂರಾಗಿಸು. ‘ಹೊಡೆ’ ಹಳಗನ್ನಡದ ‘ಪೊಡೆ’. ಅದರ ನಂಟು ತಮಿಳಿನ ‘ಪುಡೈ’. ಧಾತುಗಳೇ ಬೇರೆ. ತೊಡಕು ಹುಟ್ಟಿರುವುದು ಹಕಾರದಲ್ಲಿ. ‘ಹಾಲು’ ‘ಆಲು’ ಆಗುವ, ‘ಹಸು’ ‘ಅಸು’ ಆಗುವ ಆಡುಮಾತಿನಲ್ಲಿ ‘ಹೊಡೆಸು’ ಕೂಡ ‘ಒಡೆಸು’ ಎಂದೇ ಕಿವಿಗೆ ಬೀಳುತ್ತದೆ.

ನನ್ನ ಒಲವು ‘ಹೊಡೆ’ಯ ಕಡೆಗೆ. ತಮಿಳಿನಲ್ಲಿ ಇದೇ ಕೆಲಸಕ್ಕೆ ‘ಕಾಯಡಿ’ ಎನ್ನುತ್ತಾರೆ. ‘ಅಡಿ’ ಎಂದರೆ ಹೊಡೆ. ಹಳೆಯ ಪದ್ಧತಿಯೂ ಇದಕ್ಕೆ ಒಪ್ಪುತ್ತದೆ. ಹೋರಿಯನ್ನು ಕೆಡವಿ, ಕಾಲು ಬಿಗಿದು, ಬೀಜದ ಮೇಲಿನ ನರವನ್ನು ಕೋಲುಗಳ ನಡುವೆ ಸಿಕ್ಕಿಸಿ ಜಜ್ಜುತ್ತಿದ್ದರು. ಆ ಮೂಕಪ್ರಾಣಿ ಪಡುತ್ತಿದ್ದ ಯಾತನೆಯನ್ನು ‘ಹೊಡೆ’ ಎಂಬ ಆ ಒಂದು ಕ್ರಿಯಾಪದವೇ ಹೇಳುತ್ತದೆ.

ಈಗ ಪಶು ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವುದು ಬರ್ಡಿಜೋ ಎಂಬ ಉದ್ದ ಹಿಡಿಯ ಇಕ್ಕಳ. ಇಟಲಿಯ ಪಶುವೈದ್ಯ ಬರ್ಡಿಜೋ ರೂಪಿಸಿದ್ದು, ಅವರ ಹೆಸರೇ ಅದಕ್ಕೂ ನಿಂತಿದೆ. ಚರ್ಮ ಕೊಯ್ಯದೆ, ಹೊರಗಿನಿಂದಲೇ, ರಕ್ತನಾಳ ಸಹಿತ ವೀರ್ಯನಾಳದ ಹುರಿಯನ್ನು ಅದು ಅಮುಕುತ್ತದೆ. ಎಡಬಲಗಳನ್ನು ಒಂದೇ ಗೆರೆಯಲ್ಲಿ ಅಮುಕುವಂತಿಲ್ಲ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಇಲ್ಲದಿದ್ದರೆ ಬೀಜದ ಚೀಲಕ್ಕೇ ರಕ್ತ ಹರಿಯದೆ ಕೊಳೆಯುತ್ತದೆ. ಸರಿಯಾಗಿ ಅಮುಕಿದರೆ ಮುಂದಿನ ಕೆಲವು ವಾರಗಳಲ್ಲಿ ಬೀಜ ಬತ್ತುತ್ತದೆ. ಇಲ್ಲಿ ಹೊಡೆಯುವುದೂ ಇಲ್ಲ, ಒಡೆಯುವುದೂ ಇಲ್ಲ. ಆದರೂ ರೈತ ಹೋರಿ ಹಿಡಿದು ಬರುವುದು ‘ಬೀಜ ಒಡೆಸೋಕೆ’.

‘ಬೀಜ’ ಎಂಬ ಮಾತಿಗೂ ಇಲ್ಲಿ ಎರಡು ಮುಖ. ‘ಬೀಜದ ಹೋರಿ’ ಎಂದರೆ ಹಸುಗಳ ಮೇಲೆ ಬಿಡಲು ಉಳಿಸಿಕೊಂಡದ್ದು. ಅಲ್ಲಿ ಬೀಜ ಎಂದರೆ ತಳಿ. ‘ಬೀಜ ಒಡೆಸು’ವಲ್ಲಿ ಅದು ವೃಷಣ.

ಪತ್ರಿಕೆಗಳು ಬೀದಿನಾಯಿಗಳಿಗೆ ಬಳಸುವ ‘ಸಂತಾನಹರಣ’ ಎಂಬ ಪದವನ್ನು ಹೋರಿಗೂ ಅಂಟಿಸುವುದು ನನಗೆ ಸರಿಕಾಣದು. ರೈತನ ಉದ್ದೇಶ ಕರು ಹುಟ್ಟದಂತೆ ತಡೆಯುವುದಷ್ಟೇ ಅಲ್ಲ. ಹೋರಿಯ ಹಮ್ಮು ಇಳಿಯಬೇಕು, ಜೋಡಿಯ ಜೊತೆ ನೊಗಕ್ಕೆ ಹೆಗಲು ಕೊಡಬೇಕು. ವೃಷಣದ ಹಾರ್ಮೋನು ನಿಂತರೆ ಮಾತ್ರ ಆ ಬದಲಾವಣೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ 11ನೇ ಕಲಮಿನಲ್ಲಿ, ನಿಯಮದಂತೆ ಮಾಡಿದ ಈ ಕೆಲಸವನ್ನು ಮೂಗುದಾರ ಹಾಕುವುದರ ಜೊತೆಗೇ ಇಟ್ಟು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ.

ಆಡುಮಾತಿನ ಕೋಶ ಕಟ್ಟುವವರಲ್ಲಿ ಒಂದು ಕೋರಿಕೆ: ಎರಡು ರೂಪಗಳನ್ನೂ ಕೊಡಿ, ಪಕ್ಕದಲ್ಲಿ ಸೀಮೆಯ ಹೆಸರು ಬರೆಯಿರಿ. ಹಕಾರ ಬಿಡದ ಸೀಮೆಯ ರೈತರನ್ನು ಮೊದಲು ಕೇಳಿ.