ಸುಟ್ಟುಹೋದ ಒಂಬತ್ತು ಕಾರುಗಳ ಲೆಕ್ಕ

ಡೇಟಾಬೇಸ್ ಜೊತೆ ಏಗಿದವರಿಗೆ ಈ ಕಿರಿಕಿರಿ ಗೊತ್ತಿರುತ್ತೆ. 25 ನಂಬರ್ ಹಂಚಿಟ್ಟಿರ್ತೀವಿ, ತೆಗೆದು ನೋಡಿದರೆ 16 ಸಾಲು ಮಾತ್ರ ಇರ್ತವೆ. ಮಿಕ್ಕ ಒಂಬತ್ತು ಎಲ್ಲಿ ಹೋದವು ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಬಿಟ್ಟು ಮುಂದಕ್ಕೆ ಹೋಗ್ತೀವಿ. ಇಂಗ್ಲೆಂಡಿನ ಜಾಗ್ವಾರ್ ಕಂಪನಿ ಮಾತ್ರ ಸುಮಾರು ಅರವತ್ತು ವರ್ಷ ಕಳೆದ ಮೇಲೆ ಅಂಥ ಒಂಬತ್ತು ಖಾಲಿ ಸಾಲುಗಳನ್ನು ತುಂಬೋಕೆ ಹೊರಟಿತು. ಒಂದೊಂದು ಸಾಲಿನ ಬೆಲೆ ಹತ್ತು ಲಕ್ಷ ಪೌಂಡಿಗೂ ಮೇಲೆ.

2008ರಲ್ಲಿ ಟಾಟಾದವರು ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ 230 ಕೋಟಿ ಡಾಲರಿಗೆ ಕೊಂಡರಲ್ಲ, ನಾನಾಗ ಬಿಇ ಓದ್ತಿದ್ದೆ. ಹಾಸ್ಟೆಲ್ಲಿನಲ್ಲಿ ನಮಗೆಲ್ಲ ಅದೊಂದು ಹೆಮ್ಮೆ. ನಮ್ಮನ್ನಾಳಿದವರ ಕಾರು ಈಗ ನಮ್ಮದು ಅನ್ನೋ ಲೆಕ್ಕ. ಕೊಂಡದ್ದು ಕಾರ್ಖಾನೆ, ಡಿಸೈನು, ಬ್ರ್ಯಾಂಡ್ ಅಷ್ಟೇ ಅಂದುಕೊಂಡಿದ್ದೆವು. ಅದರ ಜೊತೆಗೆ ಹಳೇ ದಾಖಲೆ ಪುಸ್ತಕಗಳೂ ಬಂದವು, ಅವಕ್ಕೂ ಒಂದು ರೇಟ್ ಇದೆ ಅಂತ ಆಗ ಹೊಳೆದಿರಲಿಲ್ಲ.

ಕಥೆ ಶುರುವಾಗೋದು ರೇಸಿನಿಂದ. ಫ್ರಾನ್ಸಿನ ಲ ಮಾನ್ ಊರಿನಲ್ಲಿ ವರ್ಷಕ್ಕೊಮ್ಮೆ 24 ಗಂಟೆ ಹಗಲೂ ರಾತ್ರಿ ಕಾರು ಓಡಿಸುವ ಪಂದ್ಯ ನಡೆಯುತ್ತೆ. 1950ರ ದಶಕದಲ್ಲಿ ಜಾಗ್ವಾರ್ ಕಾರುಗಳು ಅದನ್ನು ಐದು ಸಲ ಗೆದ್ದವು. 1951 ಮತ್ತು 53ರಲ್ಲಿ ಸಿ-ಟೈಪ್, 1955, 56, 57ರಲ್ಲಿ ಡಿ-ಟೈಪ್. ಇವುಗಳಲ್ಲಿ 1955ರ ಗೆಲುವನ್ನು ಹೇಳಿಕೊಂಡು ಮೆರೆಯುವ ಹಾಗಿಲ್ಲ. ಆ ವರ್ಷ ಇನ್ನೊಂದು ಕಂಪನಿಯ ಕಾರು ಪ್ರೇಕ್ಷಕರ ಮೇಲೆ ಹಾರಿಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ರೇಸ್ ನಿಲ್ಲಿಸಲಿಲ್ಲ.

ಡಿ-ಟೈಪ್‌ನ ಹೊರಮೈ ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ತಯಾರಿಕೆಯಿಂದ ಬಂದವರು. ಚಂದ ಕಾಣಲಿ ಅಂತ ಗೆರೆ ಎಳೆದವರಲ್ಲ, ಗಾಳಿಯ ಲೆಕ್ಕ ಹಾಕಿ ಎಳೆದವರು. ಚಂದ ತಾನಾಗಿಯೇ ಬಂತು. ಕಾರಿನ ನಡುಭಾಗ ವಿಮಾನದ ಒಡಲಿನ ಹಾಗೆ ತಗಡಿನ ಟೊಳ್ಳು ಪೆಟ್ಟಿಗೆ. ಅದರ ಮುಂದೆ ಎಂಜಿನ್ ಹೊರುವ ಕೊಳವೆಗಳ ಚೌಕಟ್ಟು. ಪೆಟ್ರೋಲ್ ತುಂಬೋಕೂ ವಿಮಾನದಲ್ಲಿದ್ದಂಥ ರಬ್ಬರ್ ಚೀಲಗಳೇ. ಡ್ರೈವರ್ ತಲೆಯ ಹಿಂದೆ ಮೀನಿನ ಬೆನ್ನ ಮೇಲಿರುವಂಥ ಒಂದು ರೆಕ್ಕೆ. ಎಂಜಿನ್ನಿಗೂ ಒಂದು ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊವೆಂಟ್ರಿಯ ಮೇಲೆ ಜರ್ಮನರು ಬಾಂಬ್ ಹಾಕ್ತಿದ್ದಾಗ, ಬೆಂಕಿ ಬಿದ್ದೀತು ಅಂತ ಕಾರ್ಖಾನೆಯವರು ಸರದಿಯ ಮೇಲೆ ರಾತ್ರಿ ಕಾವಲು ಕೂರಬೇಕಿತ್ತು. ಮಾಲೀಕ ವಿಲಿಯಂ ಲೈಯನ್ಸ್ ಮತ್ತು ಅವರ ಎಂಜಿನಿಯರುಗಳು ಆ ಕಾವಲಿನ ರಾತ್ರಿಗಳಲ್ಲಿ ಮಾತಾಡುತ್ತಾ ಯೋಜಿಸಿದ್ದೇ ಎಕ್ಸ್‌ಕೆ ಎಂಜಿನ್. 1948ರಲ್ಲಿ ಹೊರಬಂದದ್ದು 1992ರವರೆಗೂ ಉತ್ಪಾದನೆಯಲ್ಲಿತ್ತು. ನಾವು ಬರೆದ ಯಾವ ಸಾಫ್ಟ್‌ವೇರ್ 44 ವರ್ಷ ಬಾಳುತ್ತೆ ಹೇಳಿ?

1956ರ ಕೊನೆಗೆ ಕಂಪನಿ ತಾನೇ ತಂಡ ಕಟ್ಟಿ ರೇಸಿಗೆ ಇಳಿಯೋದನ್ನು ನಿಲ್ಲಿಸಿತು. (1957ರಲ್ಲಿ ಗೆದ್ದದ್ದು ಸ್ಕಾಟ್ಲೆಂಡಿನ ಒಂದು ಖಾಸಗಿ ತಂಡ.) ಕಾರ್ಖಾನೆಯಲ್ಲಿ ಅರ್ಧಂಬರ್ಧ ಆದ, ಮಾರಾಟವಾಗದ ಡಿ-ಟೈಪ್‌ಗಳು ಉಳಿದುಹೋದವು. ಲೈಯನ್ಸ್ ಸಾಹೇಬರು ಒಂದು ಸ್ಕ್ರೂ ಕೂಡ ವ್ಯರ್ಥ ಮಾಡದ ಪೈಕಿ. ಇವನ್ನೇ ರಸ್ತೆ ಕಾರು ಮಾಡಿ ಅಮೆರಿಕದ ಶ್ರೀಮಂತರಿಗೆ ಮಾರೋಣ ಅಂದರು. ಹಿಂದಿನ ರೆಕ್ಕೆ ತೆಗೆದರು, ಡ್ರೈವರ್ ಮತ್ತು ಪಕ್ಕದವರ ನಡುವಿನ ತಡೆ ಕತ್ತರಿಸಿದರು, ಇನ್ನೊಂದು ಬಾಗಿಲು ಇಟ್ಟರು, ಪೂರ್ತಿ ಅಗಲದ ಗಾಜು, ಮಡಿಸುವ ಬಟ್ಟೆಯ ಚಾವಣಿ, ಹಿಂದೆ ಪೆಟ್ಟಿಗೆ ಕಟ್ಟೋಕೊಂದು ಕ್ಯಾರಿಯರ್. ಹೆಸರು ಎಕ್ಸ್‌ಕೆಎಸ್‌ಎಸ್. ಒಳಗೆಲ್ಲ ಲ ಮಾನ್ ಗೆದ್ದ ಕಾರೇ, ಮೇಲೆ ಒಂದಿಷ್ಟು ಮರ್ಯಾದೆಯ ಬಟ್ಟೆ. ಇವತ್ತು ಜಗತ್ತು ಕಲಾಕೃತಿ ಅಂತ ಕೊಂಡಾಡೋ ಈ ಕಾರು ಹುಟ್ಟಿದ್ದು ಸ್ಟಾಕ್ ಖಾಲಿ ಮಾಡೋಕೆ. ಇದನ್ನು ಮರೆತವರೇ ಜಾಸ್ತಿ.

1957ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. 25 ಕಾರು ಮಾಡೋದು ಅಂತ ತೀರ್ಮಾನ. ಫೆಬ್ರವರಿ 12ರ ಸಂಜೆ ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿತ್ತು. ನೂರಾರು ಕಾರು ಹಾಳಾದವು, ಅವುಗಳಲ್ಲಿ ಎಕ್ಸ್‌ಕೆಎಸ್‌ಎಸ್ ಒಂಬತ್ತು. ಕಾರಿಗಿಂತ ದೊಡ್ಡ ನಷ್ಟ ಅವನ್ನು ಜೋಡಿಸುವ ಅಚ್ಚು, ಚೌಕಟ್ಟುಗಳು ಹೋದದ್ದು. ಉಳಿದ ಸಾಮಾನ್ಯ ಕಾರುಗಳ ಲೈನನ್ನು ಬೇಗನೇ ಮತ್ತೆ ಶುರುಮಾಡಿದರು, ಹೊಟ್ಟೆಪಾಡು ಅದರಲ್ಲೇ ಇತ್ತು. ಎಕ್ಸ್‌ಕೆಎಸ್‌ಎಸ್ 16ಕ್ಕೇ ನಿಂತಿತು. ಆ ಹದಿನಾರರಲ್ಲಿ ಹೆಚ್ಚಿನವು ಅಮೆರಿಕ ಸೇರಿದವು. ಒಂದನ್ನು ನಟ ಸ್ಟೀವ್ ಮೆಕ್ವೀನ್ ಕೊಂಡರು, ಮಾರಿದರು, ತಡೆಯಲಾರದೆ ಮತ್ತೆ ವಾಪಸ್ ಕೊಂಡರು. ಅದೀಗ ಲಾಸ್ ಏಂಜಲೀಸಿನ ಪೀಟರ್ಸನ್ ಮ್ಯೂಸಿಯಂನಲ್ಲಿದೆ.

ಈಗ ನೇರ 2016ಕ್ಕೆ ಬನ್ನಿ. ಬ್ರೌನ್ಸ್ ಲೇನ್‌ನಲ್ಲಿ ಕಾರು ಜೋಡಿಸೋದು 2005ರಲ್ಲೇ ನಿಂತಿತ್ತು, ಕಟ್ಟಡಗಳನ್ನೂ ಕೆಡವಿದ್ದರು. ಇಂಥ ಹೊತ್ತಲ್ಲಿ ಜಾಗ್ವಾರ್, ಬೆಂಕಿಯಲ್ಲಿ ಹೋದ ಆ ಒಂಬತ್ತನ್ನು ಹೊಸದಾಗಿ ಕಟ್ಟಿ ಕೊಡ್ತೀವಿ ಅಂತ ಘೋಷಿಸಿತು. ಹಳೇ ಕಾರಿನ ರಿಪೇರಿ ಅಲ್ಲ, ನಕಲೂ ಅಲ್ಲವಂತೆ. ಮೊದಲು ಮಾಡಿದ ಕಂಪನಿಯೇ, ಎಕ್ಸ್‌ಕೆಎಸ್‌ಎಸ್ ದಾಖಲೆ ಪುಸ್ತಕದ ಶಾಸಿ ನಂಬರ್ ಹಾಕಿ, ನಿಂತಲ್ಲಿಂದ ಮುಂದುವರಿಸೋದು. ಈ ಧಂಧೆಯಲ್ಲಿ ಇದಕ್ಕೆ ಕಂಟಿನ್ಯುಯೇಷನ್ ಕಾರು ಅಂತಲೇ ಹೆಸರು.

ಮುಂದುವರಿಸೋದು ಅಂದಷ್ಟು ಸುಲಭ ಅಲ್ಲ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡ್ ಕೈಗೆ ಬಂದಾಗ ನಾವೇನು ಮಾಡ್ತೀವಿ? ಓಡ್ತಿರೋ ಸಿಸ್ಟಮ್ಮನ್ನೇ ನೋಡಿ ನೋಡಿ ಹಿಂದಿನವರು ಏನು ಯೋಚಿಸಿದ್ದರು ಅಂತ ಊಹಿಸ್ತೀವಿ. ಇವರು ಮಾಡಿದ್ದೂ ಅದೇ. ಉಳಿದಿದ್ದ 1957ರ ಹಲವು ಕಾರುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಪೂರ್ತಿ ಚಿತ್ರ ಕಟ್ಟಿದರು. ಕೈಯಲ್ಲಿ ಬಡಿದು ಮಾಡಿದ ಕಾರಲ್ಲವೇ, ಒಂದರಂತೆ ಇನ್ನೊಂದು ಇರಲ್ಲ. ಅಂದರೆ ಇದೇ ಮೂಲ ಅಂತ ಬೆರಳಿಟ್ಟು ತೋರಿಸೋಕೆ ಒಂದು ಕಾರೇ ಇಲ್ಲ. ತಗಡು ಕೂರಿಸಿ ಆಕಾರ ನೋಡಿಕೊಳ್ಳುವ ಹಳೇ ಅಚ್ಚುಗಳೂ ಉಳಿದಿರಲಿಲ್ಲ, ಹಳೇ ಬಾಡಿಗಳ ಅಳತೆ ಹಿಡಿದು ಹೊಸ ಅಚ್ಚು ಮಾಡಿಸಿದರು. ಅದರ ಮೇಲೆ ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು ಹಿಂದಿನಂತೆಯೇ ಕೈಯಲ್ಲಿ ಬಡಿದು ಬಾಗಿಸಿದರು. ಮುಂದಿನ ಚೌಕಟ್ಟಿನ ಕೊಳವೆ, ಸೈಕಲ್ ಫ್ರೇಮಿಗೆ ಹೆಸರಾದ ರೆನಾಲ್ಡ್ಸ್ ಕಂಪನಿಯದು. ಅದನ್ನು ಇವತ್ತಿನ ವೆಲ್ಡಿಂಗ್ ಬಿಟ್ಟು 1950ರ ದಶಕದ ರೀತಿಯಲ್ಲೇ ಕಂಚು ಕರಗಿಸಿ ಬೆಸೆದರು. ಸ್ಮಿತ್ಸ್ ಕಂಪನಿಯ ಮೀಟರುಗಳನ್ನೂ ಹಾಗೇ ಮತ್ತೆ ಮಾಡಿಸಿದರು. ಬದಲಿಸಿದ್ದು ಸುರಕ್ಷತೆಗೆ ಬೇಕಾದ ಒಂದೆರಡನ್ನು ಮಾತ್ರ. ಪೆಟ್ರೋಲ್ ಚೀಲಕ್ಕೆ ಇವತ್ತಿನ ಗಟ್ಟಿ ವಸ್ತು ಹಾಕಿದರು.

ನಮ್ಮೂರ ಸಂತೆಗೆ ತಾಮ್ರದ ಹಂಡೆಯ ತಗ್ಗು ತೆಗೆಯುವವರೊಬ್ಬರು ಬರ್ತಿದ್ದರು. ಹಂಡೆ ನೋಡೋದಕ್ಕಿಂತ ಮೊದಲು ಬೆರಳಿನಿಂದ ಕುಟ್ಟಿ ಸದ್ದು ಕೇಳೋರು, ತಗಡು ಎಲ್ಲಿ ತೆಳುವಾಗಿದೆ ಅಂತ ಹೇಳೋರು. ಆ ಕೆಲಸ ಅವರ ಮಕ್ಕಳು ಕಲಿಯಲಿಲ್ಲ, ಸ್ಟೀಲ್ ಪಾತ್ರೆ ಬಂತು. ಕಾರು ಲೋಕದಲ್ಲೂ ಪ್ರೆಸ್ ಯಂತ್ರ ಬಂದ ಮೇಲೆ ತಗಡು ಬಡಿಯುವವರ ಗತಿ ಅದೇ. ಒಂದು ಎಕ್ಸ್‌ಕೆಎಸ್‌ಎಸ್ ಕಟ್ಟೋಕೆ ಸುಮಾರು 10,000 ಗಂಟೆ ಬೇಕು ಅಂತ ಕಂಪನಿಯ ಅಂದಾಜು. ವಾರಕ್ಕೆ 40 ಗಂಟೆ ದುಡಿಯುವ ಒಬ್ಬರೇ ಮಾಡಿದರೆ ಹೆಚ್ಚುಕಡಿಮೆ ಐದು ವರ್ಷ. ಇಷ್ಟು ಗಂಟೆಗೆ ಸಂಬಳ ಕೊಡಬಲ್ಲ ಗಿರಾಕಿ ಸಿಕ್ಕಿದ್ದರಿಂದಲೇ ಆ ಕೈಕೆಲಸ ಕಾರ್ಖಾನೆಗೆ ಮರಳಿತು. ಕೋಟ್ಯಧಿಪತಿಗಳ ಆಟಿಕೆ ಅಂತ ಮೂಗು ಮುರಿಯೋಕೆ ಹೊರಟವನಿಗೆ ಈ ಒಂದು ವಿಷಯದಲ್ಲಿ ಮಾತ್ರ ಬಾಯಿ ಕಟ್ಟುತ್ತೆ.

ಇನ್ನೊಂದು ತಮಾಷೆ ಕೇಳಿ. 1957ರಲ್ಲಿ ಈ ಕಾರಿನ ಉದ್ದೇಶವೇ ರೇಸ್ ಕಾರನ್ನು ರಸ್ತೆಗಿಳಿಸೋದು. ಅದೇ ಕಾರನ್ನು ಇವತ್ತು ಹೊಸದಾಗಿ ಕಟ್ಟಿ, ಹೊಸ ಕಾರು ಅಂತಲೇ ನೋಂದಣಿಗೆ ಒಯ್ದರೆ ಹೊಗೆಯ ನಿಯಮವೂ ದಾಟಲ್ಲ, ಅಪಘಾತದ ಪರೀಕ್ಷೆಯೂ ದಾಟಲ್ಲ. ಇದರ ಜೊತೆ ಹುಟ್ಟಿ ಬೆಂಕಿಯಿಂದ ಪಾರಾದ ಹಳೆಯ ಕಾರು ಮಾತ್ರ ಆರಾಮಾಗಿ ರಸ್ತೆಯಲ್ಲಿ ಓಡಬಹುದು. ವಯಸ್ಸಾದವರಿಗೆ ವಿನಾಯಿತಿ ಇದೆಯಲ್ಲ!

ನಂಬರಿನ ವಿಚಾರಕ್ಕೆ ಬರ್ತೀನಿ, ನನಗೆ ನಿಜಕ್ಕೂ ಕಚಗುಳಿ ಇಟ್ಟದ್ದು ಅದು. ಜಾಗ್ವಾರಿನ ಈ ಆಟ ಶುರುವಾದದ್ದು 2014ರಲ್ಲಿ. 1963ರಲ್ಲಿ ಹಗುರ ಮೈಯ ಇ-ಟೈಪ್ ರೇಸ್ ಕಾರಿಗೆ 18 ನಂಬರ್ ತೆಗೆದಿಟ್ಟಿದ್ದರು, ಆಗ ಕಟ್ಟಿದ್ದು 12. ಮಿಕ್ಕ ಆರನ್ನು ಈಗ ಕಟ್ಟಿದರು. ಆ ಲೆಕ್ಕ ಶುದ್ಧವಾಗಿದೆ. ಎಕ್ಸ್‌ಕೆಎಸ್‌ಎಸ್‌ನ ಒಂಬತ್ತೂ ಸರಿ, ಬೆಂಕಿಗೆ ಸಾಕ್ಷಿ ಇದೆ. ಆಮೇಲೆ 2018ರಲ್ಲಿ ಡಿ-ಟೈಪ್ ಬಂತು. ಕಂಪನಿ ಹೇಳಿದ್ದು ಹೀಗೆ: ಹಿಂದೆ ನೂರು ಡಿ-ಟೈಪ್ ಮಾಡೋ ಯೋಜನೆ ಇತ್ತು, ಆದದ್ದು 75, ಬಾಕಿ 25ನ್ನು ಈಗ ಪೂರೈಸ್ತೀವಿ.

ತಡೀರಿ. ಆ ಬಾಕಿ 25 ಅರ್ಧಂಬರ್ಧ ನಿಂತಿದ್ದವಲ್ಲ, ಅವನ್ನೇ ತಾನೇ 1957ರಲ್ಲಿ ಎಕ್ಸ್‌ಕೆಎಸ್‌ಎಸ್ ಮಾಡೋಕೆ ಹೊರಟದ್ದು? ಅವುಗಳಲ್ಲಿ 16 ಬೇರೆ ಹೆಸರಿನಲ್ಲಿ ಮಾರಾಟವಾಗಿ ಹೋದವು, 9 ಸುಟ್ಟವು. ಸುಟ್ಟ ಒಂಬತ್ತನ್ನು 2016ರಲ್ಲಿ ಎಕ್ಸ್‌ಕೆಎಸ್‌ಎಸ್ ಖಾತೆಯಲ್ಲಿ ಒಮ್ಮೆ ತುಂಬಿ ಆಗಿತ್ತು. 2018ರಲ್ಲಿ ಅದೇ ಇಪ್ಪತ್ತೈದನ್ನು ಡಿ-ಟೈಪ್ ಖಾತೆಯಲ್ಲಿ ಮತ್ತೆ ಬಾಕಿ ತೋರಿಸಿದಂತೆ ನನಗೆ ಕಾಣುತ್ತೆ. ನಮ್ಮ ಆಫೀಸಿನಲ್ಲಿ ಯಾರಾದರೂ ಒಂದೇ ಸಾಲನ್ನು ಹೀಗೆ ಎರಡು ರಿಪೋರ್ಟಿನಲ್ಲಿ ಎಣಿಸಿದ್ದರೆ ರಿವ್ಯೂನಲ್ಲೇ ಸಿಕ್ಕಿಬೀಳ್ತಿದ್ದರು. 1957ರ ಆ ಸಂಜೆಯ ಮುಂಚೆ ಲೆಕ್ಕದಲ್ಲಿದ್ದದ್ದು 25 ಕಾರು. ಈಗ 16, 9, 25 ಕೂಡಿಸಿ ನೋಡಿ, ಐವತ್ತಾಗುತ್ತೆ.

ಕೊಳ್ಳುವವರು ಇದನ್ನೆಲ್ಲ ಕೂಡಿ ಕಳೆದು ನೋಡಿದಂತಿಲ್ಲ. 2021ರಲ್ಲಿ ಸಿ-ಟೈಪ್‌ನ ಸರದಿ ಬಂತು. 1951ರ ಲ ಮಾನ್ ಗೆಲುವಿಗೆ 70 ವರ್ಷ ತುಂಬಿತು ಅನ್ನೋದು ಈ ಸಲದ ಕಾರಣ. ಕಳೆದುಹೋದ ನಂಬರಿನ ನೆಪ ಅದಕ್ಕೆ ಬೇಕಾಗಲೇ ಇಲ್ಲ.