ಗಳಗನಾಥರ ವಿಜಯನಗರ: ಎರಡು ಋಣಗಳು

ಕಲ್ಪಿತ ಲೋಕವೊಂದನ್ನು ಕಟ್ಟುವ ಗ್ರಂಥಕರ್ತನು ಅದನ್ನು ಬರಿಯ ಶೂನ್ಯದಿಂದ ಸೃಜಿಸಲಾರನು. ವಿಜ್ಞಾನಕಥೆಗಳ ವಿಷಯದಲ್ಲಿಯೂ ಈ ಮಾತು ದಿಟವೇ. ಐಸಾಕ್ ಅಸಿಮೋವನು ೧೯೪೨ರಿಂದ ಪ್ರಕಟಿಸಿದ ‘ಫೌಂಡೇಶನ್’ ಕಥೆಗಳಲ್ಲಿ ಗಿಬ್ಬನನು ಬರೆದ ರೋಮ್ ಸಾಮ್ರಾಜ್ಯದ ಪತನವೇ ನಕ್ಷತ್ರಲೋಕಕ್ಕೆ ಏರಿತು. ಫ್ರಾಂಕ್ ಹರ್ಬರ್ಟನ ‘ಡ್ಯೂನ್’ (೧೯೬೫) ಇಸ್ಲಾಂ ಪರಂಪರೆಯಿಂದ ಉದ್ಧಾರಕನ ನಿರೀಕ್ಷೆಯನ್ನು ಎರವಲು ಪಡೆಯಿತು. ಮುಂಬರುವ ಕಾಲವನ್ನು ಬರೆಯುವವರೇ ಇಂತು ಋಣಿಗಳಾಗಿರಲು, ಗತಕಾಲವನ್ನು ಕಾದಂಬರಿಯಾಗಿಸುವವರ ಋಣವೆಷ್ಟಿರಬೇಕು! ಕನ್ನಡದಲ್ಲಿ ಇದಕ್ಕೆ ಉತ್ತಮ ನಿದರ್ಶನವು ಗಳಗನಾಥರದು.

ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯–೧೯೪೨) ಹಾವೇರಿ ಸೀಮೆಯವರು. ವರದಾ-ತುಂಗಭದ್ರೆಗಳ ಸಂಗಮದಲ್ಲಿರುವ ಗಳಗನಾಥ ಕ್ಷೇತ್ರದ ಹೆಸರನ್ನೇ ಅವರು ಕಾವ್ಯನಾಮವಾಗಿ ಧರಿಸಿದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿಯೂ ಅವರು ದುಡಿದರು. ಧರ್ಮಬೋಧೆಯೂ ಕಾದಂಬರಿಯೂ ಅವರಲ್ಲಿ ಒಂದೇ ಉದ್ಯೋಗದ ಎರಡು ಮುಖಗಳಾಗಿದ್ದುವು.

ಅವರ ಮೊದಲನೆಯ ಋಣವು ಹಿಂದಿನ ಕಾದಂಬರಿಗಳದು. ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಗೆ ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವೇ ಮೂಲ. ಆದರೆ ಹೆಸರಿನ ಬದಲಾವಣೆಯನ್ನು ಗಮನಿಸಬೇಕು. ಮೂಲದ ಹೆಸರು ೧೫೬೫ರ ಸೋಲನ್ನು ಹೊರಗಿನಿಂದೆರಗಿದ ಸಿಡಿಲೆಂದು ಸೂಚಿಸುತ್ತದೆ. ಕನ್ನಡದ ಹೆಸರು ಅದನ್ನು ಒಂದು ಜನದ ಕರ್ಮವೆಂದು ಕರೆಯುತ್ತದೆ. ಕಥೆ ಎರವಲಾದರೂ ದುಃಖವು ಸ್ವಂತದ್ದಾಯಿತು. ಶಾಲೆ ಕಚೇರಿಗಳಲ್ಲಿ ಮರಾಠಿ ಪ್ರಬಲವಾಗಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಇದು ಸಣ್ಣ ಮಾತಲ್ಲ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು (೧೯೧೭) ಗದ್ಯದಲ್ಲಿ ವಾದಿಸಿದುದನ್ನು ಕಾದಂಬರಿಯು ಮನೆಮನೆಯ ಓದುಗರಿಗೆ ಅನುಭವಕ್ಕೆ ತಂದಿತು.

ಎರಡನೆಯ ಋಣವು ಮಠಪರಂಪರೆಯದು. ‘ಮಾಧವ ಕರುಣಾವಿಲಾಸ’ವು (೧೯೨೩) ವಿಜಯನಗರದ ಸ್ಥಾಪನೆಯ ಕಥೆ. ಗುರುವಿನ ಕೃಪೆಯಿಂದ ರಾಜ್ಯವು ಹುಟ್ಟಿತೆಂಬ ವಿದ್ಯಾರಣ್ಯರ ಐತಿಹ್ಯವೇ ಅದರ ಆಧಾರ. ಶೀರ್ಷಿಕೆಯಲ್ಲಿಯೇ ‘ಕರುಣೆ’ ಇದೆ. ಆರು ವರ್ಷಗಳ ತರುವಾಯ, ೧೯೨೯ರಲ್ಲಿ, ಹೆನ್ರಿ ಹೇರಾಸರು ಈ ಐತಿಹ್ಯವು ಹದಿನಾರನೆಯ ಶತಮಾನದಲ್ಲಿ ಶೃಂಗೇರಿ ಮಠದಲ್ಲಿ ಹುಟ್ಟಿದುದೆಂದು ವಾದಿಸಿದರು. ಅನ್ಯ ವಿದ್ವಾಂಸರು ಅದನ್ನು ಒಪ್ಪದೆ ಪ್ರತಿವಾದವನ್ನು ಹೂಡಿದರು.

ಈ ವಿವಾದದಿಂದ ಕಾದಂಬರಿಯ ಬೆಲೆ ಕುಂದುವುದಿಲ್ಲ. ಕಾದಂಬರೀಕಾರನು ಶಾಸನಕ್ಕೆ ಉತ್ತರವಾದಿಯಲ್ಲ. ತಾನು ನಂಬಿಸಿದ ಲೋಕಕ್ಕೆ ಉತ್ತರವಾದಿ. ಕೆಡುಕಾಗುವುದು ಕಾದಂಬರಿಯ ವಿಜಯನಗರವನ್ನೇ ಇತಿಹಾಸದ ವಿಜಯನಗರವೆಂದು ಪಾಠಹೇಳಿದಾಗ. ಅನುವಾದವೆಂದು ಗಳಗನಾಥರನ್ನು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ. ಏನನ್ನು ಎರವಲು ತಂದರೆಂಬುದನ್ನಷ್ಟೇ ಎಣಿಸದೆ, ತಂದುದನ್ನು ಯಾರ ಸ್ವತ್ತಾಗಿ ಮಾಡಿದರೆಂದು ವಿಚಾರಿಸಬೇಕು. ೧೯೫೬ರಲ್ಲಿ ಒಂದಾದ ನಾಡು ತನ್ನ ಏಕತೆಯನ್ನು ಮೊದಲು ಕಲ್ಪಿಸಿಕೊಂಡ ಪುಟಗಳಲ್ಲಿ ಇವೂ ಸೇರಿವೆಯೆಂಬುದನ್ನು ಸಾಹಿತ್ಯದ ಅಧ್ಯಾಪಕರು ಮರೆಯಲಾಗದು.